ಎಸ್‌ಎಸ್‌ಡಿ ಇದೆ ಅಂದರೆ ಸಾಲದು, ಯಾವುದು ಅಂತ ಬಿಲ್‌ನಲ್ಲಿ ಬರೆಯಿರಿ

ಮಾನ್ಯ ಸಂಪಾದಕರೇ,

ಕಾಲೇಜು ಅಡ್ಮಿಷನ್ ಸಮಯ ಬಂತು ಅಂದರೆ ಪತ್ರಿಕೆಗಳ ತುಂಬ ಲ್ಯಾಪ್‌ಟಾಪ್ ಜಾಹೀರಾತು. ದೀಪಾವಳಿಗೆ ಇನ್ನೊಂದು ಸುತ್ತು. ಎಲ್ಲದರಲ್ಲೂ ದಪ್ಪ ಅಕ್ಷರದಲ್ಲಿ ಒಂದೇ ಸಾಲು: 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ. ಎಸ್‌ಎಸ್‌ಡಿ ಅಂದರೆ ಲ್ಯಾಪ್‌ಟಾಪ್‌ನ ಫೈಲುಗಳೆಲ್ಲ ಕೂರುವ ಚಿಪ್‌ಗಳ ಡ್ರೈವ್. ಅದು ಯಾವ ಕಂಪನಿಯದು, ಯಾವ ಮಾಡೆಲ್ಲು, ನಿಧಾನದ ಸಾಟಾನೋ ವೇಗದ ಎನ್‌ವಿಎಂಇನೋ, ಅದರ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಅಂಗಡಿಗೆ ಹೋಗಿ ಕೇಳಿದರೆ "ಎಸ್‌ಎಸ್‌ಡಿ ಸರ್, ಫುಲ್ ಸ್ಪೀಡ್" ಅನ್ನುತ್ತಾರೆ. ಬಿಲ್‌ನಲ್ಲೂ "1 ಟಿಬಿ ಎಸ್‌ಎಸ್‌ಡಿ" ಅಂತಲೇ ಬರುತ್ತದೆ. ಲಕ್ಷ, ಲಕ್ಷದ ಐವತ್ತು ಸಾವಿರ ಕೊಟ್ಟು ಭಾರಿ ಕೆಲಸದ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ಒಯ್ಯುವವರಿಗೂ ಇದೇ ಗತಿ. ಇದು ಬದಲಾಗಬೇಕು ಅಂತ ಕೇಳಿಕೊಳ್ಳುವುದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿ ಹಾಕಬೇಡಿ.

ನಾನು ಬಳ್ಳಾರಿಯವನು. ಸಂಡೂರು ಕಡೆಯ ಗಣಿಗಳಲ್ಲಿ ಡ್ರೋನ್ ಹಾರಿಸಿ ತೆಗೆದ ಫೋಟೊಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸಿ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳನ್ನು ತಿದ್ದಿತು. ಅವತ್ತಿನಿಂದ ವರ್ಷಕ್ಕೆ 10 ಲಕ್ಷ ಟನ್ ಅಥವಾ ಜಾಸ್ತಿ ಅಗೆಯುವ ಯೋಜನೆ ಇರುವ ಗಣಿಗಳು, ಇಲ್ಲವೇ 50 ಹೆಕ್ಟೇರ್ ಅಥವಾ ಜಾಸ್ತಿ ಗುತ್ತಿಗೆ ಜಾಗ ಇರುವ ಗಣಿಗಳು, ತಮ್ಮ ಜಾಗದ ಮತ್ತು ಗಡಿಯಾಚೆ 100 ಮೀಟರ್‌ವರೆಗಿನ ಡ್ರೋನ್ ಸರ್ವೆ ಚಿತ್ರಗಳನ್ನು ಪ್ರತಿವರ್ಷ ಕೊಡಲೇಬೇಕು. ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಮಾಡುವ ಹುಡುಗರು ಬಹಳ ಜನ ಆಗಿದ್ದಾರೆ. ಒಂದು ಗಣಿಗೆ ಸಾವಿರಗಟ್ಟಲೆ ಫೋಟೊ. ಅವನ್ನು ಸಾಫ್ಟ್‌ವೇರ್‌ಗೆ ಹಾಕಿದರೆ ಅದು ಮಧ್ಯೆ ಮಧ್ಯೆ ನೂರಾರು ಜಿಬಿ ಫೈಲುಗಳನ್ನು ಬರೆಯುತ್ತದೆ, ಓದುತ್ತದೆ, ಅಳಿಸುತ್ತದೆ. ಈ ಓದು-ಬರಹವೆಲ್ಲ ನಡೆಯುವುದು ಎಸ್‌ಎಸ್‌ಡಿ ಮೇಲೆ. ಮದುವೆ ವಿಡಿಯೊ ಎಡಿಟ್ ಮಾಡುವವರು, ಮನೆ ಪ್ಲಾನ್ ಹಾಕುವ ಎಂಜಿನಿಯರ್‌ಗಳು, ಜೀನ್ಸ್ ಘಟಕಗಳಿಗೆ ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡಿಕೊಡುವವರು, ಎಲ್ಲರ ಹೊಟ್ಟೆಪಾಡೂ ಇಂಥ ಮಷೀನ್ ಮೇಲೆಯೇ ಇದೆ.

ಮೊದಲು ವೇಗದ ಮಾತು. ಹಳೆಯ ಲ್ಯಾಪ್‌ಟಾಪ್‌ನ ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಹೆಚ್ಚೂಕಡಿಮೆ 100 ಎಂಬಿ ಓದುತ್ತಿತ್ತು. ಸಾಟಾ ಎಸ್‌ಎಸ್‌ಡಿ ಬಂದ ಮೇಲೆ ಅದು 550 ಎಂಬಿ ಆಸುಪಾಸಿಗೆ ಬಂತು. ಅದಕ್ಕಿಂತ ಮೇಲೆ ಹೋಗುವ ಹಾಗಿಲ್ಲ, ಯಾಕೆಂದರೆ ಸಾಟಾ ದಾರಿಯ ಮಿತಿಯೇ ಸೆಕೆಂಡಿಗೆ 6 ಗಿಗಾಬಿಟ್. ಎನ್‌ವಿಎಂಇ ಎಸ್‌ಎಸ್‌ಡಿ ಪಿಸಿಐಇ ಅನ್ನುವ ಇನ್ನೂ ವೇಗದ ದಾರಿಯಲ್ಲಿ ಓಡುತ್ತದೆ. ಅದರ ಮೂರನೇ ಪೀಳಿಗೆಯಲ್ಲಿ 3,500 ಎಂಬಿ, ನಾಲ್ಕನೆಯದರಲ್ಲಿ 7,000, ಐದನೆಯದರಲ್ಲಿ 14,000ದವರೆಗೂ ಹೋಗುತ್ತದೆ. ಅಂದರೆ "ಎಸ್‌ಎಸ್‌ಡಿ" ಅನ್ನುವ ಒಂದೇ ಹೆಸರಿನ ಕೆಳಗೆ 550 ಕೂಡ ಇದೆ, 14,000 ಕೂಡ ಇದೆ. ಹೀಗಿರುವಾಗ ಬಿಲ್‌ನಲ್ಲಿ ಸುಮ್ನೆ ಎಸ್‌ಎಸ್‌ಡಿ ಅಂತ ಬರೆದರೆ ಗಿರಾಕಿಗೆ ಏನು ತಿಳಿಯಬೇಕು?

ನೋಡಿ ಗುರುತು ಹಿಡಿಯೋಣ ಅಂದರೆ ಅದೂ ಕಷ್ಟ. ಎಂ.2 ಅನ್ನುವುದು ಬರೀ ಆಕಾರದ ಹೆಸರು. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಆ ಚಿಕ್ಕ ಪಟ್ಟಿಯಲ್ಲಿ ಸಾಟಾ ಡ್ರೈವೂ ಬರುತ್ತದೆ, ಎನ್‌ವಿಎಂಇ ಡ್ರೈವೂ ಬರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಸ್ಲಾಟ್ ಇದ್ದು, ಎರಡನೆಯದರಲ್ಲಿ ಸಾಟಾ ಮಾತ್ರ ನಡೆಯುತ್ತದೆ. ಕೆಲವದರಲ್ಲಿ ಎರಡನೇ ಸ್ಲಾಟ್‌ಗೆ ಡೇಟಾ ಓಡುವ ನಾಲ್ಕು ಲೇನ್ ಬದಲು ಎರಡೇ ಲೇನ್ ಕೊಟ್ಟಿರುತ್ತಾರೆ, ಇಲ್ಲವೇ ಹಳೆಯ ಪೀಳಿಗೆಯ ವೇಗ ಮಾತ್ರ ಸಿಗುತ್ತದೆ. ನೀವು ದುಡ್ಡು ಸುರಿದು ನಾಲ್ಕನೇ ಪೀಳಿಗೆಯ ಡ್ರೈವ್ ತಂದು ಇಂಥ ಎರಡು ಲೇನ್‌ನ ಅಥವಾ ಹಳೆಯ ಪೀಳಿಗೆಯ ಸ್ಲಾಟ್‌ನಲ್ಲಿ ಕೂರಿಸಿದರೆ ಅದು ಕೆಲಸವೇನೋ ಮಾಡುತ್ತದೆ, ಆದರೆ ಅರ್ಧ ವೇಗದಲ್ಲಿ. ಸ್ಕ್ರೀನ್ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಟ್ರಾನ್ಸ್‌ಫರ್ ಮೋಡ್ ಅಂತ ಒಂದು ಸಾಲು ಬರುತ್ತದೆ: ಮೊದಲು ಈಗ ಓಡುತ್ತಿರುವ ವೇಗ, ಆಮೇಲೆ ಡ್ರೈವ್‌ಗೆ ಸಾಧ್ಯವಿರುವ ವೇಗ. ಎರಡೂ ಒಂದೇ ಇದ್ದರೆ ಸರಿ. ಬೇರೆ ಬೇರೆ ಇದ್ದರೆ ಅಂಗಡಿಯವರನ್ನು ಅಲ್ಲೇ ನಿಲ್ಲಿಸಿ ಕೇಳಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳದೆ ಇದ್ದರೆ ಅನ್ಯಾಯವಾಗುತ್ತದೆ. ದೊಡ್ಡ ಅಂಕಿ ಇದ್ದ ಮಾತ್ರಕ್ಕೆ ದಿನದ ಕೆಲಸ ಅಷ್ಟೇ ಪಟ್ಟು ಚುರುಕಾಗುವುದಿಲ್ಲ. ಅಂಗಡಿಗಳಲ್ಲಿ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಅನ್ನುವ ವೇಗ ಅಳೆಯುವ ಸಾಫ್ಟ್‌ವೇರ್ ಓಡಿಸಿ ಮೇಲಿನ ಸಾಲಿನ 7,000 ತೋರಿಸುತ್ತಾರೆ. ದೊಡ್ಡ ಫೈಲ್ ಒಂದೇ ಸಮನೆ ಓದುವಾಗಿನ ವೇಗ ಅದು. ಕೊನೆಯ ಸಾಲು ನೋಡಿ. 4ಕೆ, ಕ್ಯೂ1, ಟಿ1 ಅಂತ ಇರುತ್ತದೆ. ಚಿಕ್ಕ ಚಿಕ್ಕ ತುಂಡುಗಳನ್ನು ಒಂದಾದ ಮೇಲೊಂದು ಓದುವ ವೇಗ. ವಿಂಡೋಸ್ ಶುರುವಾಗುವುದು, ಸಾಫ್ಟ್‌ವೇರ್ ತೆರೆಯುವುದು, ನೂರಾರು ಚಿಕ್ಕ ಫೈಲ್ ಇರುವ ಪ್ರಾಜೆಕ್ಟ್ ಲೋಡ್ ಆಗುವುದು, ಇವೆಲ್ಲ ಬಹುಮಟ್ಟಿಗೆ ಈ ಸಾಲಿಗೆ ಸೇರಿದ್ದು. ಇಲ್ಲಿ ಒಳ್ಳೆಯ ಎನ್‌ವಿಎಂಇ ಕೂಡ 60ರಿಂದ 90 ಎಂಬಿ ಆಸುಪಾಸಿನಲ್ಲೇ ಇರುತ್ತದೆ, ಸಾಟಾ ಎಸ್‌ಎಸ್‌ಡಿ 30-40ರಲ್ಲಿ. ಹಳೆಯ ಹಾರ್ಡ್ ಡಿಸ್ಕ್ ಮಾತ್ರ 1 ಎಂಬಿಯನ್ನೂ ಮುಟ್ಟುವುದಿಲ್ಲ. ಅದಕ್ಕೇ ಹಾರ್ಡ್ ಡಿಸ್ಕ್ ತೆಗೆದು ಸಾಧಾರಣ ಎಸ್‌ಎಸ್‌ಡಿ ಹಾಕಿದರೂ ಮಷೀನ್ ಹೊಸದೇ ಆದ ಹಾಗೆ ಅನ್ನಿಸುತ್ತದೆ, ಆದರೆ ನಾಲ್ಕನೇ ಪೀಳಿಗೆಯಿಂದ ಐದನೆಯದಕ್ಕೆ ಹೋದರೆ ಬಹಳ ಜನಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅಕೌಂಟ್ಸ್ ಬರೆಯುವವರಿಗೆ, ಟೈಪಿಂಗ್ ಮಾಡುವವರಿಗೆ, ಡಿಗ್ರಿ ಓದುವ ಮಕ್ಕಳಿಗೆ ಐದನೇ ಪೀಳಿಗೆಯ ಡ್ರೈವ್ ಮಾರುವುದು ತಪ್ಪು ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಆ ದುಡ್ಡು ರ‍್ಯಾಮ್‌ಗೆ ಹೋಗಲಿ. ಇಲ್ಲವೇ ಬ್ಯಾಕಪ್‌ಗೆ ಒಂದು ಡಿಸ್ಕ್ ಬರಲಿ.

ಮೆಮೊರಿ ಕಾರ್ಡಿನಿಂದ ಕಾಪಿ ಮಾಡುವಾಗಲೂ ಇದೇ ಕಥೆ. ಡ್ರೋನ್, ಕ್ಯಾಮೆರಾಗಳ ಸಾಧಾರಣ ಕಾರ್ಡ್ ಯುಎಚ್‌ಎಸ್-1 ಅನ್ನುವ ಬಗೆಯದಾಗಿದ್ದರೆ ಅದರ ಮಿತಿಯೇ ಸೆಕೆಂಡಿಗೆ 104 ಎಂಬಿ. ಹಳೆಯ ಯುಎಸ್‌ಬಿ 2 ರೀಡರ್‌ಗೆ ಚುಚ್ಚಿದರೆ 40 ಎಂಬಿ ದಾಟುವುದಿಲ್ಲ. ಒಳಗಿನ ಡ್ರೈವ್ ಎಷ್ಟೇ ದುಬಾರಿಯದಾದರೂ ಫೋಟೊ ಬರುವುದು ಕಾರ್ಡ್ ಮತ್ತು ರೀಡರ್‌ನ ವೇಗದಲ್ಲೇ. "ಹೊಸ ಲ್ಯಾಪ್‌ಟಾಪ್ ತಗೊಂಡ್ರೂ ಕಾಪಿ ಸ್ಲೋ" ಅಂತ ಬೈಯುವ ಎಷ್ಟೋ ಜನರಿಗೆ ಬೇಕಿರುವುದು ಒಳ್ಳೆಯ ಕಾರ್ಡ್ ರೀಡರ್.

ಇನ್ನು ಟಿಎಲ್‌ಸಿ, ಕ್ಯೂಎಲ್‌ಸಿ ವಿಷಯ. ಎಸ್‌ಎಸ್‌ಡಿ ಒಳಗಿನ ಮೆಮೊರಿ ಚಿಪ್‌ನ ಎರಡು ಬಗೆ ಇವು. ಗಿರಾಕಿಗೆ ಜಾಸ್ತಿ ಹೊಡೆತ ಬೀಳುವುದು ಇಲ್ಲಿಯೇ. ಟಿಎಲ್‌ಸಿ ಅಂದರೆ ಒಂದು ಕೋಶದಲ್ಲಿ ಮೂರು ಬಿಟ್, ಕ್ಯೂಎಲ್‌ಸಿ ಅಂದರೆ ನಾಲ್ಕು. ಒಂದೇ ಜಾಗದಲ್ಲಿ ಜಾಸ್ತಿ ತುಂಬುವುದರಿಂದ ಕ್ಯೂಎಲ್‌ಸಿ ಅಗ್ಗ. ಆದರೆ ಬರೆಯುವುದು ನಿಧಾನ, ಸವೆಯುವುದು ಬೇಗ. ಈ ನಿಧಾನವನ್ನು ಮರೆಸುವುದಕ್ಕೆ ಡ್ರೈವ್ ತನ್ನದೇ ಒಂದಷ್ಟು ಜಾಗವನ್ನು ಕೋಶಕ್ಕೆ ಒಂದೇ ಬಿಟ್ ಬರೆಯುವ ವೇಗದ ಕ್ಯಾಶ್, ಅಂದರೆ ತಾತ್ಕಾಲಿಕ ಜಾಗ, ಮಾಡಿಕೊಂಡಿರುತ್ತದೆ. ಸಿರುಗುಪ್ಪದ ರೈಸ್ ಮಿಲ್ ಮುಂದೆ ಖಾಲಿ ಅಂಗಳ ಇದ್ದಷ್ಟು ಹೊತ್ತು ಭತ್ತದ ಲಾರಿಗಳು ಬೇಗ ಬೇಗ ಸುರಿದು ಹೋಗುತ್ತವೆ, ಅಂಗಳ ತುಂಬಿದ ಮೇಲೆ ಮಿಲ್ ಒಳಗೆ ಎಷ್ಟು ಎಳೆದುಕೊಳ್ಳುತ್ತದೋ ಅಷ್ಟೇ ವೇಗ. ಇಲ್ಲೂ ಹಾಗೆಯೇ. ಮೊದಲ ಹತ್ತಾರು ಜಿಬಿ ಸರ್ರನೆ ಹೋಗುತ್ತದೆ. ಕ್ಯಾಶ್ ತುಂಬಿದ ಮೇಲೆ ಕೆಲವು ಅಗ್ಗದ ಕ್ಯೂಎಲ್‌ಸಿ ಡ್ರೈವ್‌ಗಳು ಹಾರ್ಡ್ ಡಿಸ್ಕಿನ ವೇಗಕ್ಕೇ ಇಳಿದುಬಿಡುತ್ತವೆ. ಡ್ರೈವ್ ಮುಕ್ಕಾಲು ತುಂಬಿದ್ದರೆ ಆ ಕ್ಯಾಶ್ ಇನ್ನೂ ಚಿಕ್ಕದಾಗುತ್ತದೆ. ಅಂಗಡಿಯಲ್ಲಿ 1 ಜಿಬಿಯ ಪರೀಕ್ಷೆ ಓಡಿಸಿ ತೋರಿಸಿದಾಗ ಇದು ಕಾಣುವುದೇ ಇಲ್ಲ. 300 ಜಿಬಿ ಮದುವೆ ಫುಟೇಜ್ ಹಾಕಿದ ದಿನ ಕಾಣುತ್ತದೆ.

ಬಾಳಿಕೆಯಲ್ಲೂ ಅಷ್ಟೇ ಅಂತರ. ಡ್ರೈವ್‌ನ ವಾರಂಟಿ ಕಾಗದದಲ್ಲಿ ಟಿಬಿಡಬ್ಲ್ಯು ಅಂತ ಇರುತ್ತದೆ, ಒಟ್ಟು ಎಷ್ಟು ಟೆರಾಬೈಟ್ ಬರೆಯುವವರೆಗೆ ಕಂಪನಿ ಹೊಣೆ ಅಂತ. 1 ಟಿಬಿಯ ಒಳ್ಳೆಯ ಟಿಎಲ್‌ಸಿ ಡ್ರೈವ್‌ಗಳಿಗೆ 600 ಟೆರಾಬೈಟ್ ಸಾಮಾನ್ಯ. ಅದೇ 1 ಟಿಬಿಯ ಕ್ಯೂಎಲ್‌ಸಿ ಡ್ರೈವ್‌ಗಳಲ್ಲಿ 200 ಟೆರಾಬೈಟ್‌ನವೂ ಇವೆ. ಮನೆಯಲ್ಲಿ ಸಿನಿಮಾ ನೋಡುವವರಿಗೆ 200 ಕೂಡ ಬೇಕಾದಷ್ಟಾಯಿತು. ಆದರೆ ನಮ್ಮಂಥ ಕೆಲಸದಲ್ಲಿ ಒಂದು ಗಣಿಯ ನಕ್ಷೆ ಮುಗಿಯುವಷ್ಟರಲ್ಲಿ ಅರ್ಧ ಟೆರಾಬೈಟ್ ಬರೆದು ಅಳಿಸಿದರೂ ಆಶ್ಚರ್ಯವಿಲ್ಲ. ನಾನು ಹೇಳುವುದು ಇಷ್ಟೇ: ಎರಡೂ 1 ಟಿಬಿ, ಎರಡೂ ಎಸ್‌ಎಸ್‌ಡಿ, ಎರಡೂ ಎನ್‌ವಿಎಂಇ. ಆದರೂ ಒಂದರ ಆಯುಷ್ಯ ಇನ್ನೊಂದರ ಮೂರನೇ ಒಂದು ಭಾಗ. ಇದನ್ನು ಬಿಲ್‌ನಲ್ಲಿ ಬಚ್ಚಿಡುವುದು ನ್ಯಾಯವಾ?

ಈಗ ನಮ್ಮ ಊರಿನ ಬಿಸಿಲಿಗೆ ಬರೋಣ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಲ್ಯಾಪ್‌ಟಾಪ್ ಒಳಗೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬಿಸಿ ಉಗುಳುತ್ತಿರುತ್ತವೆ, ಅವುಗಳ ಪಕ್ಕದಲ್ಲೇ ಎಸ್‌ಎಸ್‌ಡಿ. ಬಹುಪಾಲು ಮಾಮೂಲಿ ಡ್ರೈವ್‌ಗಳಿಗೆ ಕಂಪನಿಗಳು 70 ಡಿಗ್ರಿವರೆಗೆ ಅಂತ ಬರೆದಿರುತ್ತವೆ. ಮಾಡೆಲ್ ನೋಡಿಕೊಂಡು 80ರ ಆಸುಪಾಸಿಗೆ ಹೋದರೆ ಡ್ರೈವ್ ತನ್ನನ್ನು ತಾನು ಉಳಿಸಿಕೊಳ್ಳುವುದಕ್ಕೆ ವೇಗ ಇಳಿಸಿಬಿಡುತ್ತದೆ. ಹಾಳಾಗಿಲ್ಲ, ಬರೀ ಬಿಸಿಯಾಗಿದೆ. ಆದರೆ ಕೆಲಸ ಮಾಡುವವನಿಗೆ ಎರಡೂ ಒಂದೇ, ಗಂಟೆ ಹಿಡಿಯುವ ಕೆಲಸ ಮೂರು ಗಂಟೆ ಹಿಡಿಯುತ್ತದೆ.

ನನ್ನ ಲ್ಯಾಪ್‌ಟಾಪ್‌ಗೆ ಕಳೆದ ಬೇಸಿಗೆಯಲ್ಲಿ ಎರಡನೇ ಎಸ್‌ಎಸ್‌ಡಿ ಹಾಕಿಸಿದೆ. ಅಂಗಡಿಯ ಹೆಸರು ಬೇಡ, ಊರಿನಲ್ಲಿ ಹೆಸರು ಮಾಡಿದ ಅಂಗಡಿಯೇ. ಹಾಕಿಸಿಕೊಂಡು ಬಂದ ಮೇಲೆ ಫೋಟೊ ಜೋಡಿಸುವ ಕೆಲಸ ಶುರು ಮಾಡಿದರೆ ಮೊದಲು ಚೆನ್ನಾಗಿ ಓಡುತ್ತದೆ, ಆಮೇಲೆ ತೆವಳುತ್ತದೆ. ಟೆಂಪರೇಚರ್ ನೋಡಿದರೆ 84. ಅಂಗಡಿಗೆ ಫೋನ್ ಮಾಡಿದರೆ "ಬಿಸಿಲು ಸರ್, ಎಲ್ಲರದೂ ಹಂಗೇ" ಅಂದರು. ಕೊನೆಗೆ ನಾನೇ ಹಿಂದಿನ ಮುಚ್ಚಳ ಬಿಚ್ಚಿದೆ. ಡ್ರೈವ್ ಮೇಲೆ ಬೂದು ಬಣ್ಣದ ಥರ್ಮಲ್ ಪ್ಯಾಡ್ ಇತ್ತು. ಅದರ ಮೇಲೆ ಕಂಪನಿಯಿಂದ ಬರುವ ತೆಳುವಾದ ನೀಲಿ ಪ್ಲಾಸ್ಟಿಕ್ ಹಾಳೆ ಹಾಗೇ ಅಂಟಿಕೊಂಡಿತ್ತು, ಒಂದು ಮೂಲೆ ಮಾತ್ರ ಸ್ವಲ್ಪ ಎದ್ದಿತ್ತು. ಆ ಹಾಳೆ ಸುಲಿದು ಎಸೆದ ಮೇಲೇ ಪ್ಯಾಡ್ ಹಚ್ಚಬೇಕು, ಆಗಲೇ ಡ್ರೈವ್‌ನ ಬಿಸಿ ಮೇಲಿನ ಲೋಹದ ತಗಡಿಗೆ ಹೋಗುವುದು. ತಗಡು ನೋಡಿದರೆ ಅದೂ ಸಡಿಲ. ಎರಡು ಸ್ಕ್ರೂ ಇರಬೇಕಾದ ಕಡೆ ಒಂದೇ ಇತ್ತು. ಹಾಳೆ ಸುಲಿದೆ, ಸ್ಕ್ರೂ ತಂದು ಹಾಕಿದೆ, ಫ್ಯಾನ್ ಜಾಲರಿಯಲ್ಲಿ ಕೂತಿದ್ದ ಕೆಂಪು ಧೂಳನ್ನು ಬ್ರಷ್‌ನಲ್ಲಿ ತೆಗೆದೆ. ಅದೇ ಕೆಲಸ, ಅದೇ ಕೋಣೆ, ಟೆಂಪರೇಚರ್ 66ರಲ್ಲಿ ನಿಂತಿತು. ವೇಗ ಇಳಿಯಲಿಲ್ಲ. ಒಂದು ಹಾಳೆ ಸುಲಿಯಲು ಎರಡು ಸೆಕೆಂಡ್ ಸಾಕಿತ್ತು. ಹೀಗೆ ಹಾಳೆ ಸಮೇತ ಓಡುತ್ತಿರುವ ಲ್ಯಾಪ್‌ಟಾಪ್ ನಮ್ಮ ಊರಿನಲ್ಲಿ ಎಷ್ಟಿವೆಯೋ ಅಂತ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಸಂಡೂರು, ತೋರಣಗಲ್ಲು, ಕುಡತಿನಿ ಕಡೆ ಕೆಲಸ ಮಾಡುವವರು ಧೂಳಿನ ವಿಷಯ ಹಗುರವಾಗಿ ತೆಗೆದುಕೊಳ್ಳಬಾರದು. ಲ್ಯಾಪ್‌ಟಾಪ್ ಅನ್ನು ಹಾಸಿಗೆ, ದಿಂಬಿನ ಮೇಲೆ ಇಟ್ಟು ಓಡಿಸಬೇಡಿ, ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಹಿಂಭಾಗ ಒಂದೆರಡು ಇಂಚು ಎತ್ತರಿಸಿ. ಮಧ್ಯಾಹ್ನ ಕಾರಿನೊಳಗೆ ಬಿಟ್ಟು ಹೋಗಬೇಡಿ.

ಇನ್ನು ಸೆಟಪ್. ಡ್ರೈವ್ ಒಳ್ಳೆಯದಿದ್ದರೂ ಸೆಟಪ್ ಕೆಟ್ಟರೆ ಎಲ್ಲ ಕೆಟ್ಟ ಹಾಗೆ. ಈಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅಂತ ಒಂದು ಸೆಟ್ಟಿಂಗ್ ಆನ್ ಆಗಿರುತ್ತದೆ. ಅಂಥದರಲ್ಲಿ ಹೊಸದಾಗಿ ವಿಂಡೋಸ್ ಹಾಕುವಾಗ ಡ್ರೈವ್ ಕಾಣಿಸುವುದೇ ಇಲ್ಲ. ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಅನ್ನು ಪೆನ್‌ಡ್ರೈವ್‌ನಿಂದ ಲೋಡ್ ಮಾಡಿದರೆ ಕಾಣುತ್ತದೆ. ಇದು ಗೊತ್ತಿಲ್ಲದ ಹುಡುಗರು "ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕಬೇಕು" ಅಂದುಬಿಡುತ್ತಾರೆ. ಬಡಪಾಯಿ ಗಿರಾಕಿ ಹೊಸದಕ್ಕೆ ದುಡ್ಡು ಕೊಡುತ್ತಾನೆ. ಆಗಲೇ ವಿಂಡೋಸ್ ಇರುವ ಮಷೀನ್‌ನಲ್ಲಿ ಬಯಾಸ್‌ಗೆ (ವಿಂಡೋಸ್‌ಗೂ ಮುಂಚೆ ಬರುವ ಮಷೀನ್‌ನ ಮೂಲ ಸೆಟ್ಟಿಂಗ್ ಪರದೆ) ಹೋಗಿ ಆ ಸೆಟ್ಟಿಂಗ್ ಆಫ್ ಮಾಡಿದರೆ ಇನ್ನೊಂದು ತೊಂದರೆ, ನೀಲಿ ಪರದೆ ಬಂದು ನಿಲ್ಲುತ್ತದೆ. ಆಗಲೂ ಡ್ರೈವ್ ಸತ್ತಿರುವುದಿಲ್ಲ, ಡೇಟಾ ಎಲ್ಲ ಇರುತ್ತದೆ. ಸೆಟ್ಟಿಂಗ್ ಮೊದಲಿನ ಹಾಗೆ ಮಾಡಿದರೆ ಸಾಕು.

ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್‌ಗಳಲ್ಲಿ ಎರಡು-ಮೂರು ಸ್ಲಾಟ್ ಇರುವುದರಿಂದ "ರೇಡ್ ಝೀರೊ ಮಾಡಿಕೊಡ್ತೀವಿ, ಡಬಲ್ ಸ್ಪೀಡ್" ಅನ್ನುವವರೂ ಇದ್ದಾರೆ. ಎರಡು ಡ್ರೈವ್ ಸೇರಿಸಿ ಒಂದು ಮಾಡುವುದು ಅದು. ದೊಡ್ಡ ಫೈಲಿಗೆ ವೇಗ ಜಾಸ್ತಿ ಆಗುತ್ತದೆ, ನಿಜ. ಆದರೆ ನಾನು ಮೇಲೆ ಹೇಳಿದ ಕೊನೆಯ ಸಾಲಿನ ಅಂಕಿ ಏರುವುದಿಲ್ಲ, ಮತ್ತೆ ಎರಡರಲ್ಲಿ ಒಂದು ಕೈಕೊಟ್ಟರೂ ಎರಡರಲ್ಲಿರುವುದೂ ಹೋಗುತ್ತದೆ. ಗಿರಾಕಿಯ ಮದುವೆ ಫುಟೇಜ್ ಇಟ್ಟುಕೊಂಡವರು ಇದನ್ನು ಮಾಡಲೇಬಾರದು. ಎರಡು ಡ್ರೈವ್ ಇದ್ದರೆ ಬೇರೆ ಬೇರೆಯಾಗಿಯೇ ಇರಲಿ. ಒಂದರಲ್ಲಿ ವಿಂಡೋಸ್, ಸಾಫ್ಟ್‌ವೇರ್. ಇನ್ನೊಂದರಲ್ಲಿ ಪ್ರಾಜೆಕ್ಟ್ ಮತ್ತು ಸಾಫ್ಟ್‌ವೇರ್ ಬರೆಯುವ ತಾತ್ಕಾಲಿಕ ಫೈಲುಗಳು. ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಕ್ಯಾಶ್ ಫೋಲ್ಡರ್ ಎಲ್ಲಿರಬೇಕು ಅಂತ ಸೆಟ್ಟಿಂಗ್ ಇರುತ್ತದೆ, ಅದನ್ನು ಎರಡನೆಯದಕ್ಕೆ ತಿರುಗಿಸಿ. ಆಗ ಸವೆಯುವುದು ಎರಡನೆಯದು, ಹೋದರೂ ವಿಂಡೋಸ್ ಉಳಿಯುತ್ತದೆ. ವೇಗದ ಸ್ಲಾಟ್ ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ಪ್ರಾಜೆಕ್ಟ್ ಇರುವ ಡ್ರೈವ್‌ಗೆ ಆ ಸ್ಲಾಟ್ ಕೊಡಿ, ವಿಂಡೋಸ್‌ಗೆ ಮಾಮೂಲಿ ಸ್ಲಾಟ್ ಸಾಕು.

ಡ್ರೈವ್ ಪೂರ್ತಿ ತುಂಬಿಸಬೇಡಿ. ಹತ್ತರಿಂದ ಇಪ್ಪತ್ತು ಶೇಕಡಾ ಖಾಲಿ ಇರಲಿ. ಅಳಿಸಿದ ಜಾಗವನ್ನು ಡ್ರೈವ್‌ಗೆ ತಿಳಿಸುವ ಟ್ರಿಮ್ ಅನ್ನುವ ವ್ಯವಸ್ಥೆ ವಿಂಡೋಸ್ 7ರಿಂದಲೂ ಇದೆ, ತಾನಾಗಿ ನಡೆಯುತ್ತದೆ, ಅದನ್ನು ಆಫ್ ಮಾಡಬೇಡಿ. ಎಸ್‌ಎಸ್‌ಡಿಗೆ ಫೈಲಿನ ಚೂರುಗಳನ್ನು ಒಂದೆಡೆ ಜೋಡಿಸುವ ಹಳೆಯ ಕಾಲದ ಡಿಫ್ರ್ಯಾಗ್ ಬೇಡವೇ ಬೇಡ. ಇನ್ನೊಂದು ಅನುಮಾನ ಅನೇಕರಿಗೆ ಇರುತ್ತದೆ: 1 ಟಿಬಿ ಅಂತ ತಂದರೆ ವಿಂಡೋಸ್ 931 ಜಿಬಿ ತೋರಿಸುತ್ತದೆ. ಇದರಲ್ಲಿ ಅಂಗಡಿಯವರ ತಪ್ಪಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ, ಅಷ್ಟೇ.

ಆದರೆ ಒಂದು ವಿಷಯದಲ್ಲಿ ಅಂಗಡಿಯವರು ಬಹಳ ಎಚ್ಚರ ವಹಿಸಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಒಳಗೆ ಹೋದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್‌ಗೆ ತಾನಾಗಿಯೇ ಬೀಗ (ಎನ್‌ಕ್ರಿಪ್ಷನ್) ಬೀಳುತ್ತದೆ. ಆ ಬೀಗದ 48 ಅಂಕಿಯ ಕೀ ಆ ಅಕೌಂಟ್‌ಗೆ ಹೋಗಿ ಕೂರುತ್ತದೆ. ಈಗ ಯೋಚಿಸಿ. ಗಿರಾಕಿಗೆ ಮೇಲ್ ಐಡಿ ನೆನಪಿಲ್ಲ, ಹೊತ್ತಾಯಿತು ಅಂತ ಅಂಗಡಿಯ ಹುಡುಗ ತನ್ನದೇ ಐಡಿ ಹಾಕಿ ಸೆಟಪ್ ಮುಗಿಸುತ್ತಾನೆ. ಒಂದು ವರ್ಷ ಬಿಟ್ಟು ಬಯಾಸ್ ಅಪ್‌ಡೇಟ್ ಆಯಿತು, ಇಲ್ಲವೇ ಮದರ್‌ಬೋರ್ಡ್ ಬದಲಾಯಿಸಿದರು, ಪರದೆ ಮೇಲೆ ಕೀ ಕೇಳುತ್ತದೆ. ಆ ಹುಡುಗ ಅಷ್ಟೊತ್ತಿಗೆ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿರುತ್ತಾನೆ. ಕೀ ಇಲ್ಲದಿದ್ದರೆ ಆ ಡೇಟಾ ಯಾರಿಂದಲೂ ತೆಗೆಯಲು ಆಗುವುದಿಲ್ಲ. ಹಾಗಾಗಿ ಸೆಟಪ್ ಗಿರಾಕಿಯ ಮುಂದೆಯೇ, ಗಿರಾಕಿಯ ಸ್ವಂತ ಐಡಿಯಲ್ಲೇ ಆಗಬೇಕು. ಕೀ ಪ್ರಿಂಟ್ ಮಾಡಿಸಿ ಮನೆಯ ಕಾಗದಪತ್ರದ ಜೊತೆ ಇಟ್ಟುಕೊಳ್ಳಿ.

ಫರ್ಮ್‌ವೇರ್, ಅಂದರೆ ಡ್ರೈವ್ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ತನ್ನ ಸರ್ವರ್‌ಗಳ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಮೇಲೆ ಒಮ್ಮೆಲೇ ಸಾಯುತ್ತವೆ, ಬೇಗ ಫರ್ಮ್‌ವೇರ್ ಬದಲಿಸಿ ಅಂತ ತಾನೇ ಹೇಳಿಕೊಂಡಿತು. ನಮ್ಮ ಲ್ಯಾಪ್‌ಟಾಪ್‌ಗಳ ಡ್ರೈವ್ ಅದಲ್ಲ. ಆದರೂ ಡ್ರೈವ್ ಒಳಗೆ ಒಂದು ಸಾಫ್ಟ್‌ವೇರ್ ಇದೆ, ಅದರಲ್ಲೂ ತಪ್ಪು ಇರುತ್ತದೆ, ಕಂಪನಿಯ ಸೈಟ್‌ನಲ್ಲಿ ಆಗಾಗ ನೋಡಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ ಅಲ್ವಾ. ಮಾಡೆಲ್ ನಂಬರ್ ಗೊತ್ತಿದ್ದರೆ ತಾನೆ ನೋಡುವುದು!

ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್‌ಗಳ ಬಗ್ಗೆಯೂ ಹೇಳಬೇಕು. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಮಷೀನ್‌ಗಳನ್ನು ಎಸ್‌ಪಿ ರೋಡ್‌ನಿಂದ ತರಿಸಿಕೊಳ್ಳುವವರು ನಮ್ಮಲ್ಲಿ ಜಾಸ್ತಿ. ಕೆಟ್ಟ ಆಯ್ಕೆಯಲ್ಲ, ಎಷ್ಟೋ ಸಲ ಹೊಸ ಅಗ್ಗದ ಲ್ಯಾಪ್‌ಟಾಪ್‌ಗಿಂತ ಗಟ್ಟಿಯಾಗಿರುತ್ತವೆ. ದುಡ್ಡು ಕೊಡುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದು ಡ್ರೈವ್ ಎಷ್ಟು ಗಂಟೆ ಓಡಿದೆ, ಒಟ್ಟು ಎಷ್ಟು ಬರೆದಿದೆ, ಹೆಲ್ತ್ ಎಷ್ಟು ಶೇಕಡಾ ಅಂತ ನೋಡಿ. ಹಾಗೆಯೇ ಕೆಲವೇ ನೂರು ರೂಪಾಯಿಗೆ 16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಅಂತ ಆನ್‌ಲೈನ್‌ನಲ್ಲಿ ಬರುವುದನ್ನು ದಯವಿಟ್ಟು ಕೊಳ್ಳಬೇಡಿ. ಒಳಗೆ ಒಂದು ಚಿಕ್ಕ ಮೆಮೊರಿ ಕಾರ್ಡ್ ಇರುತ್ತದೆ, ದೊಡ್ಡ ಸಂಖ್ಯೆ ತೋರಿಸುವ ಹಾಗೆ ಮೋಸದಿಂದ ಬರೆದಿರುತ್ತಾರೆ. ಜಾಗ ತುಂಬಿದ ಮೇಲೆ ಹಾಕಿದ ಫೋಟೊಗಳೆಲ್ಲ ಹಾಳು.

ಬ್ಯಾಕಪ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಬಹಳ ಸಲ ಕಟಕಟ ಸದ್ದು ಮಾಡಿ ಸುಳಿವು ಕೊಡುತ್ತಿತ್ತು. ಎಸ್‌ಎಸ್‌ಡಿ ಎಷ್ಟೋ ಸಲ ಏನೂ ಹೇಳದೆ ಹೋಗುತ್ತದೆ. ಬೆಳಗ್ಗೆ ಆನ್ ಮಾಡಿದರೆ ಡ್ರೈವೇ ಇಲ್ಲ. ಟ್ರಿಮ್ ಇರುವುದರಿಂದ ಅಳಿಸಿದ ಫೈಲ್ ಮತ್ತೆ ತೆಗೆಯುವುದೂ ಬಹುಮಟ್ಟಿಗೆ ಆಗದ ಮಾತು. ಎಸ್‌ಎಸ್‌ಡಿಯನ್ನು ಕರೆಂಟ್ ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿ ಇಡುವುದೂ ಸರಿಯಲ್ಲ. ಜೆಡೆಕ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡದ ಪ್ರಕಾರ, ಪೂರ್ತಿ ಸವೆದ ಮಾಮೂಲಿ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ ಕರೆಂಟ್ ಇಲ್ಲದೆ ಒಂದು ವರ್ಷ ಡೇಟಾ ಉಳಿಸಿಕೊಂಡರೆ ಸಾಕು. ಹೊಸ ಡ್ರೈವ್ ಇದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಆದರೆ ಬಿಸಿ ಏರಿದಷ್ಟೂ ಆ ಕಾಲ ಕಡಿಮೆಯಾಗುತ್ತದೆ. ನಮ್ಮ ಊರಿನ ಆರ್‌ಸಿಸಿ ಮನೆಯ ಬೀರು ಮೇ ತಿಂಗಳಲ್ಲಿ 30 ಡಿಗ್ರಿ ಇರುತ್ತದಾ? ಮುಗಿದ ಕೆಲಸ ಎತ್ತಿಡುವುದಕ್ಕೆ ಹಳೆಯ ತಿರುಗುವ ಹಾರ್ಡ್ ಡಿಸ್ಕೇ ಅಗ್ಗ, ಅದೇ ಒಳ್ಳೆಯದು. ಎರಡು ಕಾಪಿ ಇರಲಿ, ಒಂದು ಬೇರೆ ಮನೆಯಲ್ಲಿರಲಿ.

ಈಗ ನನ್ನ ಬೇಡಿಕೆಗಳು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಂಪ್ಯೂಟರ್ ವ್ಯಾಪಾರಿ ಬಂಧುಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ. ಬಿಲ್‌ನಲ್ಲಿ ಎಸ್‌ಎಸ್‌ಡಿಯ ಕಂಪನಿ, ಪೂರ್ತಿ ಮಾಡೆಲ್ ನಂಬರ್ ಮತ್ತು ಸೀರಿಯಲ್ ನಂಬರ್ ಬರೆಯಿರಿ. ಮೊಬೈಲ್ ಮಾರುವಾಗ ಐಎಂಇಐ ಬರೆಯುತ್ತೀರಿ, ಇದಕ್ಕೇನು ಕಷ್ಟ? ಮಾಡೆಲ್ ನಂಬರ್ ಒಂದಿದ್ದರೆ ಟಿಎಲ್‌ಸಿನೋ ಕ್ಯೂಎಲ್‌ಸಿನೋ, ಯಾವ ಪೀಳಿಗೆ, ಟಿಬಿಡಬ್ಲ್ಯು ಎಷ್ಟು ಅನ್ನುವುದನ್ನು ಗಿರಾಕಿ ತಾನೇ ಹುಡುಕಿಕೊಳ್ಳುತ್ತಾನೆ. ಡ್ರೈವ್ ಹಾಕಿದ ಮೇಲೆ ಅವನ ಮುಂದೆಯೇ ಟ್ರಾನ್ಸ್‌ಫರ್ ಮೋಡ್ ಮತ್ತು ಟೆಂಪರೇಚರ್ ತೋರಿಸಿ ಕಳಿಸಿ. ಒಳ್ಳೆಯ ಮಾಲು ಇಟ್ಟಿರುವ ಅಂಗಡಿಗಳಿಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ಇವತ್ತು ಅವರು ಟಿಎಲ್‌ಸಿ ಹಾಕಿ ಎರಡು ಸಾವಿರ ಜಾಸ್ತಿ ಕೇಳಿದರೆ, ಪಕ್ಕದ ಅಂಗಡಿ ಕಡಿಮೆಗೆ ಕೊಡುತ್ತದೆ ಅಂತ ಗಿರಾಕಿ ಎದ್ದು ಹೋಗುತ್ತಾನೆ. ಯಾಕೆ ಜಾಸ್ತಿ ಅಂತ ತೋರಿಸಲು ಅವರ ಬಳಿ ಕಾಗದದಲ್ಲಿ ಏನೂ ಇರುವುದಿಲ್ಲ.

ಕಾಲೇಜು ಮತ್ತು ಸರ್ಕಾರಿ ಕಚೇರಿಗಳವರಿಗೂ ಒಂದು ಮಾತು. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಲ್ಯಾಬ್‌ಗೆ ಲ್ಯಾಪ್‌ಟಾಪ್ ಕೇಳುವಾಗ "512 ಜಿಬಿ ಎಸ್‌ಎಸ್‌ಡಿ" ಅಂತ ಮಾತ್ರ ಹಾಕಬೇಡಿ. ಎನ್‌ವಿಎಂಇ, ಪಿಸಿಐಇ ಯಾವ ಪೀಳಿಗೆ, ಎಷ್ಟು ಲೇನ್, ಟಿಎಲ್‌ಸಿ, ಕನಿಷ್ಠ ಎಷ್ಟು ಟಿಬಿಡಬ್ಲ್ಯು, ಇಷ್ಟು ಸೇರಿಸಿ. ಬರೆಯದಿದ್ದರೆ ಕಡಿಮೆ ದರ ಹಾಕಿದವರು ಅತಿ ಅಗ್ಗದ್ದನ್ನೇ ತುಂಬಿಸುತ್ತಾರೆ. ನಿಯಮದ ಪ್ರಕಾರ ಅದು ಸರಿಯೇ, ಅವರನ್ನು ಬೈದು ಉಪಯೋಗವಿಲ್ಲ. ಐದು ವರ್ಷ ಆ ಮಷೀನ್ ಮುಂದೆ ಕೂರುವುದು ನಮ್ಮ ಹಳ್ಳಿಯ ಮಕ್ಕಳು.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಎರಡು. ಲ್ಯಾಪ್‌ಟಾಪ್ ಜಾಹೀರಾತು ತೆಗೆದುಕೊಳ್ಳುವಾಗ ಎಸ್‌ಎಸ್‌ಡಿ ಪಕ್ಕದಲ್ಲಿ ಮಾಡೆಲ್ ಹೆಸರು ಹಾಕಿ ಅಂತ ಜಾಹೀರಾತುದಾರರಿಗೆ ಒಂದು ಮಾತು ಹೇಳಿ. ಮತ್ತೆ ತಂತ್ರಜ್ಞಾನದ ಪುಟದಲ್ಲಿ ಹೊಸ ಫೋನ್ ಬಂತು ಅನ್ನುವ ಸುದ್ದಿಯ ಜೊತೆಗೆ, ಲ್ಯಾಪ್‌ಟಾಪ್ ಕೊಳ್ಳುವಾಗ ಏನು ಕೇಳಬೇಕು, ಕೊಂಡ ಮೇಲೆ ಏನು ನೋಡಬೇಕು ಅನ್ನುವುದನ್ನು ಕನ್ನಡದಲ್ಲಿ ಬರೆಸಿ. ಈ ವರ್ಷದ ಅಡ್ಮಿಷನ್ ಮುಗಿಯುವುದರೊಳಗೆ ಬಂದರೆ ಅಪ್ಪ-ಅಮ್ಮಂದಿರು ಅಂಗಡಿಗೆ ಹೋಗುವಾಗ ಆ ಪುಟ ಕತ್ತರಿಸಿ ಒಯ್ಯಬಹುದು.

ಇಂತಿ ನಿಮ್ಮ ಓದುಗ,
ಡ್ರೋನ್ ಸರ್ವೆ ಕೆಲಸಗಾರ, ಬಳ್ಳಾರಿ